ಲೆಕ್ಕ ಎಲ್ಲಿ ತಪ್ಪುತ್ತಿದೆ? ಮೂಲ ಗಣಿತದ ದೋಷ ನಿವಾರಣೆಗೆ ಒಬ್ಬ ವಿದ್ಯಾರ್ಥಿಯ ಕೈಪಿಡಿ

ಡಿಪ್ಲೊಮಾ ಮೊದಲ ವರ್ಷದ ವಿದ್ಯುತ್ ಪ್ರಯೋಗಾಲಯದಲ್ಲಿ 200 ಓಮ್ ಮತ್ತು 300 ಓಮ್‌ನ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿ, ಒಟ್ಟು ರೋಧವನ್ನು ಮೊದಲು ಲೆಕ್ಕದಿಂದಲೂ ಆಮೇಲೆ ಮಲ್ಟಿಮೀಟರಿನಿಂದಲೂ ಕಂಡುಹಿಡಿಯುವ ಪ್ರಯೋಗವಿತ್ತು. ನನ್ನ ಲೆಕ್ಕ 250 ಓಮ್ ಎಂದಿತು. ಮೀಟರು 119 ತೋರಿಸಿತು. ನಾನು ಮೀಟರನ್ನು ಅನುಮಾನಿಸಿದೆ. ಅದರ ಬ್ಯಾಟರಿ ಬದಲಾಯಿಸಿದೆ, ತಂತಿಗಳ ತುದಿ ಕೆರೆದು ಮತ್ತೆ ಜೋಡಿಸಿದೆ, ಪಕ್ಕದ ಮೇಜಿನಿಂದ ಇನ್ನೊಂದು ಮೀಟರು ತಂದು ಹಿಡಿದೆ. ಅದೂ 119 ಎಂದೇ ಹೇಳಿತು. ಸಮಾಂತರ ಜೋಡಣೆಯ ಒಟ್ಟು ರೋಧವು ಅದರಲ್ಲಿರುವ ಅತಿ ಚಿಕ್ಕ ರೋಧಕಕ್ಕಿಂತಲೂ ಕಡಿಮೆಯಿರಲೇಬೇಕು ಎಂದು ಹಿಂದಿನ ದಿನವಷ್ಟೇ ಟಿಪ್ಪಣಿ ಬರೆದುಕೊಂಡಿದ್ದರೂ, 250 ಎಂಬುದು 200ಕ್ಕಿಂತ ದೊಡ್ಡದು ಎಂಬ ಸಂಗತಿ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಸೂತ್ರ ಸರಿಯಾಗಿತ್ತು. 1/200 + 1/300 ಎಂದು ಬರೆದ ಸಾಲೂ ಸರಿಯಾಗಿತ್ತು. ಅದರ ಕೆಳಗಿನ ಸಾಲಿನಲ್ಲಿ 2/500 ಎಂದು ಬರೆದು, ಸೂತ್ರದಂತೆ ಅದನ್ನು ತಲೆಕೆಳಗು ಮಾಡಿ 500/2, ಅಂದರೆ 250 ಎಂದಿದ್ದೆ. ದೋಷವಿದ್ದದ್ದು ವಿದ್ಯುತ್ತಿನಲ್ಲಲ್ಲ, ಪ್ರಾಥಮಿಕ ಶಾಲೆಯಲ್ಲಿ ಕಲಿತ ಭಿನ್ನರಾಶಿಯಲ್ಲಿ.

ಅದುವರೆಗೆ ನನ್ನ ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿಯಲ್ಲಿ ಬಂದಿದ್ದ ಷರಾ ಒಂದೇ: ‘ಅಜಾಗರೂಕತೆ’. ನಾನೂ ಅದನ್ನು ನಂಬಿದ್ದೆ. ಆದರೆ ನಮ್ಮ ತೋಟದ ಬೋರ್‌ವೆಲ್ ಪಂಪು ನಿಂತಾಗ ಅದಕ್ಕೆ ಅಜಾಗರೂಕತೆ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಮೂರೂ ಫೇಸ್ ಬರುತ್ತಿದೆಯೇ, ಫ್ಯೂಸ್ ಹೋಗಿದೆಯೇ, ಸ್ಟಾರ್ಟರಿನ ಓವರ್‌ಲೋಡ್ ರಿಲೇ ಟ್ರಿಪ್ ಆಗಿದೆಯೇ, ಕೇಬಲ್ ಎಲ್ಲಾದರೂ ಕಡಿದಿದೆಯೇ ಎಂದು ಒಂದೊಂದಾಗಿ ನೋಡುತ್ತಾರೆ. ಅದೇ ಕ್ರಮದಲ್ಲಿ ನನ್ನ ಹಳೆಯ ಲೆಕ್ಕದ ಪುಸ್ತಕಗಳನ್ನು ಒಂದು ಬೇಸಿಗೆ ರಜೆಯುದ್ದಕ್ಕೂ ಪರಿಶೀಲಿಸಿದಾಗ ಕಂಡುಬಂದದ್ದನ್ನು ಇಲ್ಲಿ ಬರೆದಿದ್ದೇನೆ. ನನ್ನ ತಪ್ಪುಗಳಲ್ಲಿ ಬಹುಪಾಲು ಅಡ್ಡಾದಿಡ್ಡಿಯಾಗಿರಲಿಲ್ಲ. ಒಂದು ನಿಯಮವನ್ನು ಬಿಡದೆ ಪಾಲಿಸಿದ್ದರಿಂದಲೇ ಬಂದಿದ್ದವು. ಆ ನಿಯಮವೂ ಸುಳ್ಳಲ್ಲ. ಅದು ಎಲ್ಲೋ ಒಂದು ಕಡೆ ಸರಿಯಾಗಿಯೇ ಇದ್ದು, ಅದರ ಗಡಿ ದಾಟಿದ ಮೇಲೆ ತಪ್ಪಾಗಿತ್ತು.

ಮೊದಲ ಹೆಜ್ಜೆ: ದೋಷ ಯಾವ ಜಾತಿಯದು?

ಒಂದೇ ಬಗೆಯ ಎಂಟು ಹತ್ತು ಲೆಕ್ಕಗಳನ್ನು ಒಟ್ಟಿಗೆ ಮಾಡಬೇಕು. ಪೆನ್ನಿನಲ್ಲಿ ಮಾಡಬೇಕು, ರಬ್ಬರು ಹತ್ತಿರವಿರಬಾರದು. ಅಳಿಸಿಹೋದ ಸಾಲಿನಲ್ಲೇ ಸಾಕ್ಷಿ ಇರುತ್ತದೆ. ಒಂದೇ ಲೆಕ್ಕದ ತಪ್ಪಿನಿಂದ ಏನನ್ನೂ ತೀರ್ಮಾನಿಸಬಾರದು. ತಪ್ಪಾದ ಲೆಕ್ಕವನ್ನು ಮರುದಿನ ಹಳೆಯ ಉತ್ತರ ನೋಡದೆ ಮತ್ತೆ ಮಾಡಿದಾಗ ಸರಿ ಬಂದರೆ, ಅದು ನಿಜಕ್ಕೂ ಕೈತಪ್ಪು. ಅದಕ್ಕೆ ವೇಗ ತಗ್ಗಿಸುವುದಲ್ಲದೆ ಬೇರೆ ಮದ್ದಿಲ್ಲ, ಅದನ್ನು ಬಿಟ್ಟು ಮುಂದೆ ಹೋಗಬಹುದು. ಅದೇ ತಪ್ಪು ಮತ್ತೆ ಬಂದರೆ ಎರಡು ಸಾಧ್ಯತೆಗಳಿವೆ: ಯಾವುದೋ ಒಂದು ಸಂಗತಿ ತಪ್ಪಾಗಿ ಕಂಠಪಾಠವಾಗಿರಬೇಕು, ಇಲ್ಲವೇ ವಿಧಾನವೇ ತಪ್ಪಿರಬೇಕು.

ತಪ್ಪು ಕಂಠಪಾಠವನ್ನು ಹಿಡಿಯುವುದು ಸುಲಭವೆಂದುಕೊಂಡಿದ್ದೆ. 68 × 7 ಎಂಬ ಲೆಕ್ಕಕ್ಕೆ ನಾನು 474 ಎಂದು ಬರೆದಿದ್ದೆ, ಸರಿಯುತ್ತರ 476. ಎರಡು ಕಡಿಮೆ. 87 × 8 ಎಂಬುದಕ್ಕೆ ಮಾತ್ರ 696 ಎಂದು ಸರಿಯಾಗಿಯೇ ಬರೆದಿದ್ದೆ. ಎರಡರಲ್ಲೂ ಏಳು ಎಂಟುಗಳ ಗುಣಲಬ್ಧ ಬೇಕು. ಒಂದರಲ್ಲಿ 54 ಬಂದಿದೆ, ಇನ್ನೊಂದರಲ್ಲಿ 56. ಕಾರಣ ತಿಳಿಯಲು ಮಗ್ಗಿಯನ್ನು ಗಟ್ಟಿಯಾಗಿ ಹೇಳಬೇಕಾಯಿತು. ‘ಎಂಟೇಳ್ಲ ಐವತ್ತಾರು’ ಎಂಬುದು ಎಂಟರ ಮಗ್ಗಿಯ ರಾಗದಲ್ಲಿ ಸರಿಯಾಗಿಯೇ ಬಂತು. ಏಳರ ಮಗ್ಗಿಯಲ್ಲಿ ‘ಏಳೆಂಟ್ಲ’ ಎಂದಾಗ ನಾಲಿಗೆ ‘ಐವತ್ನಾಲ್ಕು’ ಎಂದಿತು. ಎರಡು ಮಗ್ಗಿಗಳನ್ನು ಎರಡು ಬೇರೆ ಹಾಡುಗಳಂತೆ ಕಲಿತಿದ್ದೆನೇ ಹೊರತು, ಏಳು ಸಾಲಿನಲ್ಲಿ ಎಂಟೆಂಟು ಅಡಿಕೆ ಸಸಿ ನೆಟ್ಟರೂ ಎಂಟು ಸಾಲಿನಲ್ಲಿ ಏಳೇಳು ನೆಟ್ಟರೂ ಸಸಿಗಳ ಸಂಖ್ಯೆ ಒಂದೇ ಎಂಬುದು ನನ್ನ ತಲೆಗೆ ಹೋಗಿರಲಿಲ್ಲ. ಮಗ್ಗಿ ಬಾಯಿಪಾಠ ಮಾಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಮಗ್ಗಿ ಬಾರದವನ ಭಾಗಾಕಾರ ನೋಡಿದವರಿಗೆ ಅದರ ಬೆಲೆ ಗೊತ್ತು. ಒಂದು ಮಗ್ಗಿಯನ್ನು ಇನ್ನೊಂದರಿಂದ ತಾಳೆ ನೋಡುವ ಅಭ್ಯಾಸವೂ ಜೊತೆಗಿರಬೇಕು, ಅಷ್ಟೇ.

ಎರಡನೆಯ ಹೆಜ್ಜೆ: ತಪ್ಪು ಉತ್ತರವನ್ನು ಮುಂಚೆಯೇ ಹೇಳುವುದು

ವಿಧಾನದ ದೋಷವನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ. ತಪ್ಪಾದ ಮೂರು ನಾಲ್ಕು ಲೆಕ್ಕಗಳನ್ನು ನೋಡಿ, ಇದನ್ನು ಮಾಡಿದವನು ಯಾವ ನಿಯಮ ಪಾಲಿಸಿದ್ದಾನೆ ಎಂದು ಊಹಿಸಿ ಒಂದು ವಾಕ್ಯದಲ್ಲಿ ಬರೆಯಬೇಕು. ಆ ನಿಯಮದ ಪ್ರಕಾರ ಮುಂದಿನ ಲೆಕ್ಕಕ್ಕೆ ಬರಬೇಕಾದ ತಪ್ಪು ಉತ್ತರವನ್ನು ಮುಂಚಿತವಾಗಿ ಬರೆದಿಟ್ಟು, ಆಮೇಲೆ ಲೆಕ್ಕ ಮಾಡಿಸಬೇಕು. ಬರೆದಿಟ್ಟ ತಪ್ಪೇ ಬಂದರೆ ದೋಷ ಸಿಕ್ಕಿತು. ಬೇರೆ ತಪ್ಪು ಬಂದರೆ ಊಹೆ ತಪ್ಪು, ಮತ್ತೆ ಹುಡುಕಬೇಕು. ತನ್ನ ಲೆಕ್ಕಗಳನ್ನು ತಾನೇ ಪರೀಕ್ಷಿಸಿಕೊಳ್ಳುವವರು ಹಳೆಯ ಪುಸ್ತಕದ ಅರ್ಧ ಭಾಗದಿಂದ ನಿಯಮವನ್ನು ಊಹಿಸಿ, ಉಳಿದ ಅರ್ಧದಲ್ಲಿ ಅದನ್ನು ಪರೀಕ್ಷಿಸಬಹುದು. ನಾನು ಮಾಡಿದ್ದು ಹೀಗೆಯೇ.

ಇದು ನನ್ನ ಸ್ವಂತ ಶೋಧವೇನಲ್ಲ. ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಮಕ್ಕಳ ಕಳೆಯುವ ಲೆಕ್ಕದ ತಪ್ಪುಗಳನ್ನು ಕಂಪ್ಯೂಟರ್ ಪ್ರೋಗ್ರಾಮಿನ ‘ಬಗ್’ಗಳಂತೆ ನೋಡಿತು: ಮಗು ಹೇಳಿದ್ದನ್ನು ಕೇಳದೆ ಇರುವುದಿಲ್ಲ, ತನ್ನೊಳಗಿರುವ ದೋಷಯುಕ್ತ ವಿಧಾನವನ್ನು ನಿಷ್ಠೆಯಿಂದ ನಡೆಸುತ್ತದೆ ಎಂಬುದು ಅದರ ತಿರುಳು. ನನ್ನ ಪುಸ್ತಕದಲ್ಲಿಯೂ ಅತಿ ಸ್ಪಷ್ಟವಾಗಿ ಸಿಕ್ಕ ದೋಷ ಕಳೆಯುವ ಲೆಕ್ಕದ್ದೇ ಆಗಿತ್ತು.

ಲಕ್ಷಣ: ಮೇಲಿನ ಸಂಖ್ಯೆಯಲ್ಲಿ ಸೊನ್ನೆಯಿದ್ದಾಗ ಮಾತ್ರ ವ್ಯವಕಲನ ತಪ್ಪುತ್ತದೆ

503 − 267 ಎಂಬ ಲೆಕ್ಕವನ್ನು ತೆಗೆದುಕೊಳ್ಳೋಣ. ಸರಿಯುತ್ತರ 236. ಇಲ್ಲಿ ಬರಬಹುದಾದ ಎರಡು ತಪ್ಪು ಉತ್ತರಗಳು ಎರಡು ಬೇರೆ ದೋಷಗಳನ್ನು ತೋರಿಸುತ್ತವೆ. 364 ಎಂದು ಬಂದಿದ್ದರೆ, ಪ್ರತಿ ಸ್ಥಾನದಲ್ಲಿಯೂ ಮೇಲೆ ಕೆಳಗೆ ನೋಡದೆ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯಲಾಗಿದೆ: ಏಳರಲ್ಲಿ ಮೂರು ಹೋಗಿ ನಾಲ್ಕು, ಆರರಲ್ಲಿ ಸೊನ್ನೆ ಹೋಗಿ ಆರು, ಐದರಲ್ಲಿ ಎರಡು ಹೋಗಿ ಮೂರು. ‘ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು’ ಎಂದು ಒಂದನೆಯ ತರಗತಿಯಲ್ಲಿ ಹೇಳಿಕೊಟ್ಟದ್ದು ಒಂಟಿ ಅಂಕಿಗಳ ಮಟ್ಟಿಗೆ ಸರಿಯಾಗಿತ್ತು. ಅದು ಪೂರ್ತಿ ಸಂಖ್ಯೆಗೆ ಅನ್ವಯಿಸುವ ಮಾತು, ಒಂದೊಂದು ಸ್ಥಾನಕ್ಕಲ್ಲ ಎಂದು ಆಮೇಲೆ ಯಾರೂ ತಿದ್ದಿರುವುದಿಲ್ಲ.

ನನ್ನ ಉತ್ತರ 146 ಆಗಿತ್ತು. 402 − 178 ಎಂಬುದಕ್ಕೆ 224ರ ಬದಲು 134 ಎಂದು ಬರೆದಿದ್ದೆ. ಎರಡೂ ಸರಿಯುತ್ತರಕ್ಕಿಂತ ಕರಾರುವಾಕ್ಕಾಗಿ 90 ಕಡಿಮೆ. ತಪ್ಪು ಅಡ್ಡಾದಿಡ್ಡಿಯಾಗಿದ್ದರೆ ಎರಡು ಕಡೆಯೂ 90ರಷ್ಟೇ ತಪ್ಪಲು ಸಾಧ್ಯವಿರಲಿಲ್ಲ. ನಾನು ಮಾಡುತ್ತಿದ್ದುದು ಇಷ್ಟು: ಬಿಡಿ ಸ್ಥಾನಕ್ಕೆ ಬೇಕಾದ ಹತ್ತನ್ನು ಪಕ್ಕದ ಮನೆಯಲ್ಲಿ ಕೇಳಿದಾಗ ಅಲ್ಲಿ ಸೊನ್ನೆಯಿದ್ದುದರಿಂದ, ಅದನ್ನು ಹಾದು ನೂರರ ಮನೆಗೆ ಹೋಗಿ ಒಂದು ತರುತ್ತಿದ್ದೆ. ಅಲ್ಲಿಂದ ಹೊರಟದ್ದು ನೂರು. ಬಿಡಿ ಸ್ಥಾನಕ್ಕೆ ಬಂದು ಸೇರಿದ್ದು ಹತ್ತು. ದಾರಿಯಲ್ಲಿ ತೊಂಬತ್ತು ಕಳೆದುಹೋಯಿತು. ಆಮೇಲೆ ಹತ್ತರ ಸ್ಥಾನಕ್ಕೂ ನೂರರ ಮನೆಯಿಂದಲೇ ಇನ್ನೊಂದು ತರುತ್ತಿದ್ದೆ, ಅದರಲ್ಲಿ ನಷ್ಟವಿಲ್ಲ.

ಇದನ್ನು ನಿಯಮವಾಗಿ ಬರೆದುಕೊಂಡು 7005 − 2348 ಎಂಬ ಲೆಕ್ಕಕ್ಕೆ ಎಷ್ಟು ಕಡಿಮೆ ಬರಬೇಕೆಂದು ಮುಂಚೆಯೇ ಕೂಡಿ ನೋಡಿದೆ. ಬಿಡಿಗಾಗಿ ಸಾವಿರ ಹೊರಟು ಹತ್ತು ಸೇರಿದರೆ 990 ನಷ್ಟ. ಹತ್ತರ ಸ್ಥಾನಕ್ಕಾಗಿ ಸಾವಿರ ಹೊರಟು ನೂರು ಸೇರಿದರೆ 900 ನಷ್ಟ. ನೂರರ ಸ್ಥಾನಕ್ಕಾಗಿ ಸಾವಿರ ಹೊರಟು ಸಾವಿರವೇ ಸೇರಿದರೆ ನಷ್ಟವಿಲ್ಲ. ಒಟ್ಟು 1890. ಸರಿಯುತ್ತರ 4657; ಅಂದರೆ ನನ್ನ ಹಳೆಯ ಪುಸ್ತಕದಲ್ಲಿ 2767 ಇರಬೇಕು. ಪುಟ ತಿರುವಿ ನೋಡಿದೆ. 2767 ಎಂದೇ ಇತ್ತು. ಪಕ್ಕದಲ್ಲಿ ‘ಅಜಾಗರೂಕತೆ’ ಎಂದೂ ಇತ್ತು. ಇಷ್ಟು ಅಚ್ಚುಕಟ್ಟಾದ ಅಜಾಗರೂಕತೆ ಇರಲು ಸಾಧ್ಯವೇ ಎಂದು ನನಗೆ ನಗು ಬಂತು.

ಪರಿಹಾರಕ್ಕೆ ನಾನು ಮೊದಲು ಬಿಟ್ಟದ್ದು ‘ಸಾಲ’ ಎಂಬ ಪದವನ್ನು. ಸಾಲವನ್ನು ಯಾರ ಮನೆಯಿಂದ ಬೇಕಾದರೂ ತರಬಹುದು, ತಂದದ್ದನ್ನು ತೀರಿಸಲೂ ಬೇಕು. ಕಳೆಯುವ ಲೆಕ್ಕದಲ್ಲಿ ಇವೆರಡೂ ಇಲ್ಲ. ಅಲ್ಲಿ ನಡೆಯುವುದು ಚಿಲ್ಲರೆ ಮಾಡಿಸುವ ಕೆಲಸ. ನೂರರ ಐದು ನೋಟು ಮತ್ತು ಒಂದು ರೂಪಾಯಿಯ ಮೂರು ನಾಣ್ಯ ಇಟ್ಟುಕೊಂಡವನು 267 ರೂಪಾಯಿ ಕೊಡಬೇಕಾದರೆ, ಒಂದು ನೂರನ್ನು ಮುರಿಸಿ ಹತ್ತರ ಹತ್ತು ನೋಟು ಮಾಡುತ್ತಾನೆ, ಅದರಲ್ಲೊಂದು ಹತ್ತನ್ನು ಮುರಿಸಿ ಹತ್ತು ನಾಣ್ಯ ಮಾಡುತ್ತಾನೆ. ಈಗ ಅವನ ಬಳಿ ನಾಲ್ಕು ನೂರು, ಒಂಬತ್ತು ಹತ್ತು, ಹದಿಮೂರು ಬಿಡಿ ಇವೆ. ಕಳೆಯಲು ತೊಡಗುವ ಮೊದಲೇ ಮೇಲಿನ ಸಂಖ್ಯೆಯನ್ನು ಹೀಗೆ ಮುರಿದು ಬರೆದುಕೊಂಡು, ಆ ಮೂರನ್ನು ಕೂಡಿದರೆ ಮತ್ತೆ 503 ಬರುತ್ತದೆಯೇ ಎಂದು ನೋಡಿಯೇ ಮುಂದೆ ಹೋಗುವುದನ್ನು ರೂಢಿಸಿಕೊಂಡೆ. ಮೂರು ವಾರ ಇದು ನಿಧಾನವಾಗಿತ್ತು. ಆಮೇಲೆ ಬರೆಯುವ ಅಗತ್ಯ ಬೀಳಲಿಲ್ಲ.

ಲಕ್ಷಣ: ಭಾಗಲಬ್ಧದಲ್ಲಿ ಒಂದು ಅಂಕಿ ಕಡಿಮೆ

824 ÷ 4 ಎಂಬುದಕ್ಕೆ 26, 3618 ÷ 6 ಎಂಬುದಕ್ಕೆ 63. ಸರಿಯುತ್ತರಗಳು 206 ಮತ್ತು 603. ‘ಎರಡರಲ್ಲಿ ನಾಲ್ಕು ಹೋಗುವುದಿಲ್ಲ, ಮುಂದಿನ ಅಂಕಿ ಇಳಿಸು’ ಎಂಬ ಮಾತು ಸರಿ. ಹೋಗುವುದಿಲ್ಲ ಎಂಬುದೂ ಒಂದು ಉತ್ತರವೇ, ಅದನ್ನು ಮೇಲೆ ಸೊನ್ನೆಯಾಗಿ ಬರೆಯಬೇಕು ಎಂಬ ಅರ್ಧ ಮಾತು ಬಿಟ್ಟುಹೋಗಿದೆ. ಭಾಗಿಸುವ ಮುಂಚೆ ಅಂದಾಜು ಬರೆದಿಟ್ಟರೆ ಸಾಕು: ಎಂಟುನೂರನ್ನು ನಾಲ್ಕು ಪಾಲು ಮಾಡಿದರೆ ಇನ್ನೂರು, ಹಾಗಾಗಿ ಉತ್ತರದಲ್ಲಿ ಮೂರು ಅಂಕಿಗಳಿರಲೇಬೇಕು.

ಪ್ರಥಮ್ ಸಂಸ್ಥೆಯು 2005ರಲ್ಲಿ ಆರಂಭಿಸಿದ ‘ಅಸರ್’ ಸಮೀಕ್ಷೆಯು ಗ್ರಾಮೀಣ ಮಕ್ಕಳ ಗಣಿತವನ್ನು ಅಳೆಯಲು ಬಳಸುವ ಹಂತಗಳಲ್ಲಿ ಮೇಲಿನವೆರಡು ಇವೇ: ಎರಡಂಕಿಯ ದಶಕ ಸಹಿತ ವ್ಯವಕಲನ ಮತ್ತು ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವುದು. ಊರಿಗೆ ಕರೆಂಟು ಬಂದಿದೆಯೇ ಇಲ್ಲವೇ ಎಂದು ತಿಳಿಯಲು ಅಂಥ ಅಳತೆ ಬೇಕು. ಆದರೆ ಯಾವ ಕಂಬದಲ್ಲಿ ತಂತಿ ಕಡಿದಿದೆ ಎಂಬುದು ಅದರಿಂದ ತಿಳಿಯದು. ‘ಭಾಗಾಕಾರ ಬರುವುದಿಲ್ಲ’ ಎಂಬ ಒಂದೇ ಸಾಲಿನಲ್ಲಿ ಸೇರಿಹೋದ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಮಗ್ಗಿ ಬಾರದಿರಬಹುದು, ಇನ್ನೊಬ್ಬಳಿಗೆ ಈ ಸೊನ್ನೆಯೊಂದೇ ಬಾಕಿಯಿರಬಹುದು.

ಲಕ್ಷಣ: ದಶಮಾಂಶಗಳ ಹೋಲಿಕೆ ಒಮ್ಮೆ ಸರಿ, ಒಮ್ಮೆ ತಪ್ಪು

ಒಮ್ಮೊಮ್ಮೆ ಕೆಲಸ ಮಾಡಿ ಒಮ್ಮೊಮ್ಮೆ ಕೈಕೊಡುವ ದೋಷವೇ ಮೆಕ್ಯಾನಿಕ್‌ಗೆ ಹೆಚ್ಚು ಕಾಟ ಕೊಡುವುದು. ದಶಮಾಂಶದ್ದು ಅಂಥ ದೋಷ. 0.35 ಮತ್ತು 0.4 ಇವುಗಳಲ್ಲಿ ದೊಡ್ಡದು ಯಾವುದೆಂದು ಕೇಳಿದರೆ ನಾನು 0.35 ಎನ್ನುತ್ತಿದ್ದೆ, ಏಕೆಂದರೆ ಮೂವತ್ತೈದು ನಾಲ್ಕಕ್ಕಿಂತ ದೊಡ್ಡದು. ನನ್ನ ಹಾಸ್ಟೆಲಿನ ಸಹಪಾಠಿ ಇದನ್ನು ಸರಿಯಾಗಿ ಹೇಳುತ್ತಿದ್ದ. ಆದರೆ 0.85 ಮತ್ತು 0.4 ಎಂದು ಕೇಳಿದಾಗ ಅವನು 0.4 ದೊಡ್ಡದು ಎಂದ. ನೂರನೆಯ ಭಾಗಗಳು ಹತ್ತನೆಯ ಭಾಗಗಳಿಗಿಂತ ಚಿಕ್ಕವು, ಆದ್ದರಿಂದ ಹೆಚ್ಚು ಅಂಕಿಯಿದ್ದಷ್ಟೂ ಸಂಖ್ಯೆ ಚಿಕ್ಕದು ಎಂಬುದು ಅವನ ವಾದ. ಈ ಎರಡನೆಯ ಪ್ರಶ್ನೆಗೆ ನನ್ನ ದೋಷವೇ ಸರಿಯುತ್ತರ ಕೊಡುತ್ತಿತ್ತು. ಆದ್ದರಿಂದ ಪರೀಕ್ಷಿಸುವವರು ಎರಡೂ ಜೋಡಿಗಳನ್ನು ಕೇಳಬೇಕು. ಒಂದೇ ಜೋಡಿಯಿಂದ ಒಬ್ಬನ ದೋಷ ಮುಚ್ಚಿಹೋಗುತ್ತದೆ.

ನನ್ನ ದೋಷದ ಮೂಲ ಅರ್ಧ ನಾಲಿಗೆಯಲ್ಲಿತ್ತು. 0.35 ಎಂಬುದನ್ನು ನಾವು ‘ಪಾಯಿಂಟ್ ಮೂವತ್ತೈದು’ ಎಂದು ಓದುತ್ತೇವೆ. ಹಾಗೆ ಓದಿದೊಡನೆ ಬಿಂದುವಿನ ಆಚೆಗೊಂದು ಪೂರ್ಣ ಸಂಖ್ಯೆ ಹುಟ್ಟಿಕೊಳ್ಳುತ್ತದೆ. ‘ಸೊನ್ನೆ ಬಿಂದು ಮೂರು ಐದು’ ಎಂದು ಓದಲು ಆರಂಭಿಸಿದ ಮೇಲೆ, ಮತ್ತು ಹೋಲಿಸುವ ಮುಂಚೆ 0.4ನ್ನು 0.40 ಎಂದು ಬರೆದುಕೊಂಡ ಮೇಲೆ, ಈ ತಪ್ಪು ಬಹಳ ಕಡಿಮೆಯಾಯಿತು. ಉಳಿದರ್ಧ ಮೂಲ ಹೊರಗಿತ್ತು. ಬಿಂದು ಹಾಕಿ ಬರೆಯುವ, ಆದರೆ ದಶಮಾಂಶವಲ್ಲದ ಬರಹಗಳು ನಮ್ಮ ಸುತ್ತ ಎಷ್ಟೋ ಇವೆ. ಕ್ರಿಕೆಟ್ಟಿನಲ್ಲಿ 12.3 ಓವರು ಎಂದರೆ ಹನ್ನೆರಡು ಓವರು ಮೂರು ಚೆಂಡು. ಓವರಿಗೆ ಆರು ಚೆಂಡಾದ್ದರಿಂದ ಅದು ನಿಜದಲ್ಲಿ ಹನ್ನೆರಡೂವರೆ ಓವರು. ಅಷ್ಟರಲ್ಲಿ ನೂರು ರನ್ ಬಂದಿದ್ದರೆ ರನ್‌ರೇಟು 100 ÷ 12.5, ಅಂದರೆ ಸರಿಯಾಗಿ 8, ಕ್ಯಾಲ್ಕುಲೇಟರಿಗೆ 12.3 ಎಂದೇ ಒತ್ತಿದವನಿಗೆ 8.13 ಬರುತ್ತದೆ. ಸಮಯವನ್ನು 1.30 ಎಂದು ಬರೆದರೆ ಅದು ಒಂದೂವರೆ ಗಂಟೆ, ಒಂದು ಬಿಂದು ಮೂರು ಗಂಟೆಯಲ್ಲ. ಇಂಥ ಬಿಂದುವನ್ನು ಕಂಡಾಗಲೆಲ್ಲ, ಇದರ ಬಲಗಡೆ ಎಷ್ಟಾದರೆ ಎಡಗಡೆಗೆ ಒಂದು ಏರುತ್ತದೆ ಎಂದು ಕೇಳಿಕೊಳ್ಳಬೇಕು. ಹತ್ತು ಹತ್ತಾಗಿ ಏರುವುದಾದರೆ ಮಾತ್ರ ಅದು ದಶಮಾಂಶ.

ಹತ್ತರಿಂದ ಗುಣಿಸುವಾಗ ಕೊನೆಯಲ್ಲಿ ಸೊನ್ನೆ ಸೇರಿಸಿ 2.5 × 10 = 2.50 ಎಂದು ಬರೆಯುವವರೂ ಪೂರ್ಣ ಸಂಖ್ಯೆಗಳ ನಿಯಮವನ್ನೇ ಗಡಿಯಾಚೆಗೆ ಒಯ್ದವರು.

ಲಕ್ಷಣ: ಭಿನ್ನರಾಶಿಗಳನ್ನು ಕೂಡಿದಾಗ ಮೊತ್ತ ಚಿಕ್ಕದಾಗುತ್ತದೆ

ಪ್ರಯೋಗಾಲಯದಲ್ಲಿ ಕೈಕೊಟ್ಟ ದೋಷ ಇದೇ. 1/2 + 1/3 = 2/5 ಎಂದು ಬರೆಯುವವರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ಕುರಿತದ್ದಲ್ಲ; 2/5 ಎಂಬುದು ಅರೆಗಿಂತ ಹೆಚ್ಚೋ ಕಡಿಮೆಯೋ ಎಂಬುದು. ಅರೆಗೆ ಇನ್ನಷ್ಟು ಸೇರಿಸಿದ ಮೇಲೆ ಅದು ಅರೆಗಿಂತ ಕಡಿಮೆಯಾಗಲು ಹೇಗೆ ಸಾಧ್ಯ? ಈ ಪ್ರಶ್ನೆ ಕಾಡದಿದ್ದರೆ, ಆ ವ್ಯಕ್ತಿ ಭಿನ್ನರಾಶಿಯನ್ನು ಒಂದು ಸಂಖ್ಯೆಯಾಗಿ ನೋಡುತ್ತಿಲ್ಲ, ಗೆರೆಯ ಮೇಲೊಂದು ಕೆಳಗೊಂದು ಇರುವ ಎರಡು ಸಂಖ್ಯೆಗಳಾಗಿ ನೋಡುತ್ತಿದ್ದಾನೆ ಎಂದರ್ಥ.

ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡುವ ಈ ನಿಯಮ ನನಗೆ ಎಲ್ಲಿಂದ ಬಂತೆಂದು ಬಹಳ ದಿನ ತಿಳಿಯಲಿಲ್ಲ. ಕೊನೆಗೆ ಅದು ಅಂಕಪಟ್ಟಿಯಲ್ಲಿ ಸಿಕ್ಕಿತು. ಒಂದು ಕಿರುಪರೀಕ್ಷೆಯಲ್ಲಿ 15/20, ಇನ್ನೊಂದರಲ್ಲಿ 20/30 ಬಂದರೆ ಒಟ್ಟು 35/50 ಎಂದು ಶಾಲೆಯೇ ಬರೆದುಕೊಡುತ್ತದೆ, ಮತ್ತು ಅದು ಸರಿಯೇ. ಅಲ್ಲಿ ಗೆರೆಯ ಕೆಳಗಿನ ಸಂಖ್ಯೆ ‘ಇಷ್ಟರಲ್ಲಿ’ ಎಂದು ಹೇಳುತ್ತದೆ; ಎರಡು ಪ್ರತ್ಯೇಕ ಪರೀಕ್ಷೆಗಳನ್ನು ಒಂದು ದೊಡ್ಡ ಪರೀಕ್ಷೆಯಾಗಿ ಸೇರಿಸಲಾಗುತ್ತದೆ. ಭಿನ್ನರಾಶಿಯಲ್ಲಿ ಕೆಳಗಿನ ಸಂಖ್ಯೆ ತುಂಡಿನ ಗಾತ್ರವನ್ನು ಹೇಳುತ್ತದೆ. ಬರಹ ಒಂದೇ, ಅರ್ಥ ಬೇರೆ. ಹತ್ತು ವರ್ಷ ಈ ಎರಡನ್ನೂ ಒಂದೇ ಗೆರೆಯಿಂದ ಬರೆಸಿ, ವ್ಯತ್ಯಾಸವನ್ನು ಒಂದು ದಿನವೂ ಹೇಳದಿರುವುದು ನನಗೆ ಸಣ್ಣ ಲೋಪವೆಂದು ಅನ್ನಿಸುವುದಿಲ್ಲ.

ದುರಸ್ತಿಗೆ ನಮ್ಮ ಆಡುಮಾತೇ ಸಹಾಯಕ್ಕೆ ಬಂತು. ಕಾಲು, ಅರೆ, ಮುಕ್ಕಾಲು ಎಂಬವು ಕನ್ನಡದಲ್ಲಿ ಒಂಟಿ ಹೆಸರುಗಳು. ಅವುಗಳಲ್ಲಿ ಮೇಲು ಕೆಳಗು ಇಲ್ಲ. ಶಾಲೆಯ ಮೆಟ್ಟಿಲು ಹತ್ತದ ನನ್ನ ಅಜ್ಜಿಯೂ ಅರ್ಧ ಕಿಲೋ ಬೆಲ್ಲಕ್ಕೆ ಇನ್ನೂ ಕಾಲು ಕಿಲೋ ಸೇರಿದರೆ ಮುಕ್ಕಾಲು ಎನ್ನುತ್ತಾಳೆ, ಆರರಲ್ಲಿ ಎರಡು ಎನ್ನುವುದಿಲ್ಲ. ಅವಳು ಮನಸ್ಸಿನಲ್ಲಿ ಅರೆಯನ್ನು ಎರಡು ಕಾಲಾಗಿ ಮುರಿದು, ಮೂರು ಕಾಲೆಂದು ಎಣಿಸಿರುತ್ತಾಳೆ. ಲಸಾಅ ತೆಗೆಯುವುದೆಂದರೆ ಇದೇ: ಬೇರೆ ಬೇರೆ ಗಾತ್ರದ ತುಂಡುಗಳನ್ನು ಒಂದೇ ಗಾತ್ರಕ್ಕೆ ತರುವುದು. ಒಬ್ಬಟ್ಟಿನ ಅರ್ಧವೂ ಮೂರನೆಯ ಒಂದು ಭಾಗವೂ ಆರನೆಯ ತುಂಡುಗಳಾದಾಗ ಮೂರು ತುಂಡು, ಎರಡು ತುಂಡು, ಒಟ್ಟು 5/6. ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಛೇದಗಳ ಲಸಾಅಕ್ಕೆ ‘ನಿರುದ್ಧ’ ಎಂಬ ಹೆಸರಿಟ್ಟು, ಭಿನ್ನರಾಶಿಗಳನ್ನು ಸಮಚ್ಛೇದಕ್ಕೆ ತರಲು ಅದನ್ನು ಬಳಸಿದ್ದಾರೆ. ನನ್ನ ರೋಧಕಗಳಿಗೆ ಬಂದರೆ 3/600 + 2/600 = 5/600, ತಲೆಕೆಳಗು ಮಾಡಿದರೆ 120 ಓಮ್; ಮೀಟರಿನ 119ಕ್ಕೂ ಇದಕ್ಕೂ ಇದ್ದ ಅಂತರ ರೋಧಕಗಳ ತಯಾರಿಕೆಯಲ್ಲಿ ಒಪ್ಪಿತವಾದ ಏರುಪೇರಿನೊಳಗೇ ಇತ್ತು.

ಮಹಾವೀರಾಚಾರ್ಯರ ಹೆಸರು ಬಂದದ್ದರಿಂದ ಒಂದು ಉಪಕಥೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಆ ಮಹಾಗಣಿತಜ್ಞರು, ಒಂದು ಸಂಖ್ಯೆಗೆ ಸೊನ್ನೆಯನ್ನು ಕೂಡಿದರೂ ಅದರಿಂದ ಸೊನ್ನೆಯನ್ನು ಕಳೆದರೂ ಅದನ್ನು ಸೊನ್ನೆಯಿಂದ ಭಾಗಿಸಿದರೂ ಅದು ಬದಲಾಗುವುದಿಲ್ಲ ಎಂದು ಬರೆದಿದ್ದಾರೆ. ಮೊದಲೆರಡು ಸರಿ, ಮೂರನೆಯದು ತಪ್ಪು. 8 ÷ 0 = 8 ಆಗಿದ್ದರೆ 8 × 0 ಎಂಬುದು 8 ಆಗಬೇಕಿತ್ತು, ಅದು ಸೊನ್ನೆಯೆಂದು ಅವರೇ ಹೇಳಿದ್ದಾರೆ. ನನ್ನ ಪುಸ್ತಕದಲ್ಲಿಯೂ 8 ÷ 0 = 8 ಎಂದು ಇತ್ತು. ಆ ಒಂದು ತಪ್ಪಿನ ಬಗ್ಗೆ ನಾನು ಹೆಚ್ಚು ನಾಚಿಕೊಳ್ಳಲಿಲ್ಲ.

ಲಕ್ಷಣ: ಋಣ ಚಿಹ್ನೆ ಎರಡು ಸಲ ಬಂದೊಡನೆ ಉತ್ತರ ಧನವಾಗುತ್ತದೆ

−3 − 5 ಎಂಬುದಕ್ಕೆ 8 ಎಂದು ಉತ್ತರ ಬಂದರೆ, ‘ಮೈನಸ್ ಮೈನಸ್ ಪ್ಲಸ್’ ಎಂಬ ಗುಣಾಕಾರದ ಮಂತ್ರವನ್ನು ಸಂಕಲನದ ಮೇಲೆ ಪ್ರಯೋಗಿಸಲಾಗಿದೆ. ಪರೀಕ್ಷೆಗೆ (−3) × (−5), −3 − 5, 3 − (−5) ಈ ಮೂರನ್ನೂ ಒಂದರ ಕೆಳಗೊಂದು ಕೊಡಬೇಕು; ಸರಿಯುತ್ತರಗಳು 15, −8, 8. ಮೊದಲನೆಯದೂ ಮೂರನೆಯದೂ ಸರಿಯಾಗಿ, ನಡುವಿನದು ಮಾತ್ರ ತಪ್ಪಿದರೆ ರೋಗ ಇದೇ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ಈ ನಿಯಮಗಳನ್ನು ಧನ ಮತ್ತು ಋಣ, ಅಂದರೆ ಆಸ್ತಿ ಮತ್ತು ಸಾಲ ಎಂಬ ಮಾತುಗಳಲ್ಲಿಯೇ ಹೇಳಿದ್ದ. ಚಿಹ್ನೆಗಳನ್ನು ಮರೆತು ಆ ಮಾತುಗಳಿಗೆ ಹಿಂದಿರುಗುವುದೇ ಮದ್ದು. ಅಂಗಡಿಯಲ್ಲಿ ಮೂರು ರೂಪಾಯಿ ಸಾಲವಿದ್ದವನು ಇನ್ನೈದು ರೂಪಾಯಿ ಸಾಲ ಹೇಳಿದರೆ ಅವನ ಕೈಗೆ ಎಂಟು ರೂಪಾಯಿ ಬರುವುದಿಲ್ಲ. ಅಂಗಡಿಯವನು ಐದು ರೂಪಾಯಿ ಸಾಲವನ್ನು ಮನ್ನಾ ಮಾಡಿದರೆ ಮಾತ್ರ ಅವನ ಸ್ಥಿತಿ ಐದು ರೂಪಾಯಿಯಷ್ಟು ಮೇಲೇರುತ್ತದೆ. 3 − (−5) ಎಂಬಲ್ಲಿನ − (−5) ಹೇಳುವುದು ಅದನ್ನು.

ಲಕ್ಷಣ: ಸಮಚಿಹ್ನೆಯನ್ನು ‘ಉತ್ತರ ಬರೆ’ ಎಂದು ಓದುವುದು

9 + 6 = □ + 4 ಎಂದು ಕೊಟ್ಟು ಚೌಕದಲ್ಲಿ ಏನು ಬರಬೇಕೆಂದು ಕೇಳಿ. 15 ಎಂದರೆ ದೋಷವಿದೆ, ಬರಬೇಕಾದದ್ದು 11. ಕ್ಯಾಲ್ಕುಲೇಟರಿನ ಸಮಚಿಹ್ನೆಯ ಗುಂಡಿಯೂ ಇದೇ ಪಾಠವನ್ನು ಕಲಿಸುತ್ತದೆ: ಒತ್ತು, ಉತ್ತರ ಬರುತ್ತದೆ. 1557ರಲ್ಲಿ ಈ ಚಿಹ್ನೆಯನ್ನು ಮೊದಲು ಮುದ್ರಿಸಿದ ವೇಲ್ಸಿನ ರಾಬರ್ಟ್ ರೆಕಾರ್ಡ್, ಒಂದೇ ಉದ್ದದ ಎರಡು ಸಮಾಂತರ ಗೆರೆಗಳಿಗಿಂತ ಹೆಚ್ಚು ಸಮವಾದದ್ದು ಬೇರೊಂದಿಲ್ಲವೆಂಬ ಕಾರಣಕ್ಕೆ ಅದನ್ನು ಆರಿಸಿಕೊಂಡಿದ್ದ. ಅದು ಉತ್ತರದ ಕಡೆಗೆ ತೋರಿಸುವ ಬಾಣವಲ್ಲ, ಎರಡು ತಟ್ಟೆಗಳು ಸಮತೂಗಿವೆ ಎಂಬ ಹೇಳಿಕೆ.

ಪ್ರೌಢಶಾಲೆಯಲ್ಲಿ ಈ ದೋಷ ಬೇರೆ ವೇಷದಲ್ಲಿ ಬರುತ್ತದೆ. ‘ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ’ ಎಂಬ ಸೂತ್ರವನ್ನಷ್ಟೇ ನೆನಪಿಟ್ಟವರು 3ಅ = 12 ಎಂಬುದರಿಂದ ಅ = 12 − 3 ಎಂದು 9 ಪಡೆಯುತ್ತಾರೆ. ನಾನು ಪಡೆದಿದ್ದೆ. ಮೂರು ಸಮನಾದ ಚೀಲಗಳು ಹನ್ನೆರಡು ಕಿಲೋ ತೂಗಿದರೆ ಒಂದು ಚೀಲ ಎಷ್ಟು ಎಂದು ಕೇಳಿದ್ದರೆ ಆಗಲೂ ನಾಲ್ಕು ಎಂದೇ ಹೇಳುತ್ತಿದ್ದೆ. ತಕ್ಕಡಿಯ ಎರಡೂ ತಟ್ಟೆಗೆ ಒಂದೇ ಕೆಲಸ ಮಾಡುವುದು ಎಂದು ಪ್ರತಿ ಸಾಲಿನ ಪಕ್ಕ ಬರೆದುಕೊಂಡರೆ, ‘ಆ ಕಡೆ ಹೋಗುವ’ ಸೂತ್ರವನ್ನು ನೆನಪಿಡುವ ಅಗತ್ಯವೇ ಇರುವುದಿಲ್ಲ.

ಬೀಜಗಣಿತದ ಉಳಿದ ಎರಡು ಸಾಮಾನ್ಯ ದೋಷಗಳಿಗೆ ಒಂದೇ ಟೆಸ್ಟರು ಸಾಕು. (ಅ + 6)/6 ಎಂಬಲ್ಲಿ ಮೇಲಿನ ಆರನ್ನೂ ಕೆಳಗಿನ ಆರನ್ನೂ ಹೊಡೆದುಹಾಕಿ ಅ ಎಂದು ಬರೆದಿದ್ದರೆ, ಅ ಇದ್ದಲ್ಲಿ 2 ಹಾಕಿ ನೋಡಬೇಕು: ಒಂದು ಕಡೆ 8/6, ಇನ್ನೊಂದು ಕಡೆ 2. (ಅ + ಬ)ದ ವರ್ಗವನ್ನು ಅ ವರ್ಗ ಮತ್ತು ಬ ವರ್ಗಗಳ ಮೊತ್ತವೆಂದು ಬರೆದಿದ್ದರೆ 3 ಮತ್ತು 2 ಹಾಕಬೇಕು: 25 ಒಂದು ಕಡೆ, 13 ಇನ್ನೊಂದು ಕಡೆ. 0 ಮತ್ತು 1ನ್ನು ಹಾಕಬಾರದು. ಅವು ಎಷ್ಟೋ ತಪ್ಪುಗಳನ್ನು ಸರಿಯೆಂದು ತೋರಿಸುತ್ತವೆ.

ದುರಸ್ತಿಯಾದ ಮೇಲೂ ದೋಷ ಮರಳಿದರೆ

ಮರಳುತ್ತದೆ. ಹಳೆಯ ನಿಯಮ ಅಳಿಸಿಹೋಗುವುದಿಲ್ಲ. ಹೊಸದು ಅದರ ಪಕ್ಕದಲ್ಲಿ ನಿಲ್ಲುತ್ತದೆ, ಮತ್ತು ಪರೀಕ್ಷೆಯ ಅವಸರದಲ್ಲಿ ಹಳೆಯದೇ ಮೊದಲು ಕೈಗೆ ಸಿಗುತ್ತದೆ. ಒಂದು ದಿನ ಇಪ್ಪತ್ತು ಲೆಕ್ಕ ಸರಿಯಾಗಿ ಮಾಡಿ ದೋಷ ಹೋಯಿತೆಂದು ನಾನು ಎರಡು ಸಲ ಮೋಸಹೋದೆ. ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡುವಾಗ ಯಾವ ವಿಧಾನ ಬೇಕೆಂಬುದು ಮೊದಲೇ ಗೊತ್ತಿರುತ್ತದೆ, ಆದ್ದರಿಂದ ಅದು ನಿಜವಾದ ಪರೀಕ್ಷೆಯಲ್ಲ. ವಾರ ಬಿಟ್ಟು, ಬೇರೆ ಬಗೆಯ ಲೆಕ್ಕಗಳ ನಡುವೆ ಅದನ್ನು ಬೆರೆಸಿ ನೋಡಬೇಕು. ಅಲ್ಲಿಯೂ ಸರಿ ಬಂದರೆ ಇನ್ನೊಂದು ತಿಂಗಳು ಬಿಟ್ಟು ಮತ್ತೊಮ್ಮೆ. ಒಂದೇ ಲೆಕ್ಕದಲ್ಲಿ ಎರಡು ದೋಷಗಳು ಸೇರಿಕೊಂಡು ಉತ್ತರದಿಂದ ಏನೂ ತಿಳಿಯದಂತಾದರೆ, ಲೆಕ್ಕ ಮಾಡುವಾಗ ಪ್ರತಿ ಹೆಜ್ಜೆಯನ್ನೂ ಗಟ್ಟಿಯಾಗಿ ಹೇಳಿ ಇನ್ನೊಬ್ಬರಿಂದ ಬರೆಸಿಕೊಳ್ಳುವುದು ಒಳ್ಳೆಯದು. ಬರೆದುಕೊಳ್ಳುವವರು ನಡುವೆ ತಿದ್ದಬಾರದು. ನನ್ನ ತಂಗಿ ಈ ಕೆಲಸವನ್ನು ಚೆನ್ನಾಗಿ ಮಾಡಿದಳು, ನಗುವುದನ್ನು ಮಾತ್ರ ತಡೆಯಲಿಲ್ಲ.

ನನ್ನ ದೋಷಪುಸ್ತಕದಲ್ಲಿ ಈಗ ತೆರೆದಿರುವ ನಮೂದು ಒಂದೇ. 2.5 ಚದರ ಮಿಲಿಮೀಟರಿನ ತಂತಿಯ ಅಡ್ಡಕೊಯ್ತದ ವಿಸ್ತೀರ್ಣವನ್ನು ಚದರ ಸೆಂಟಿಮೀಟರಿಗೆ ತಿರುಗಿಸುವಾಗ ಹತ್ತರಿಂದ ಭಾಗಿಸಿ 0.25 ಎಂದು ಬರೆದಿದ್ದೇನೆ, ಸರಿಯಾದದ್ದು 0.025. ನಿಯಮವನ್ನು ಊಹಿಸಿ ಬರೆದಾಗಿದೆ: ಉದ್ದದ ಅಳತೆಯಲ್ಲಿ ಸರಿಯಾಗಿರುವ ಹತ್ತನ್ನು ವಿಸ್ತೀರ್ಣಕ್ಕೂ ಬಳಸಿದ್ದೇನೆ. ಇದೇ ದೋಷವಾದರೆ ಘನ ಅಳತೆಯಲ್ಲಿ ಸಾವಿರದ ಬದಲು ಮತ್ತೆ ಹತ್ತರಿಂದಲೇ ಭಾಗಿಸಬೇಕು. ಎಂಟು ಲೆಕ್ಕಗಳನ್ನು ಆರಿಸಿ, ಬರಬೇಕಾದ ತಪ್ಪು ಉತ್ತರಗಳನ್ನು ಬೇರೆ ಹಾಳೆಯಲ್ಲಿ ಬರೆದು ಮಡಚಿಟ್ಟಿದ್ದೇನೆ. ಒಂದು ಸೆಂಟಿಮೀಟರಿನ ಚೌಕದಲ್ಲಿ ನೂರು ಪುಟ್ಟ ಮನೆಗಳನ್ನು ಎಣಿಸಿ ನೋಡಲು ಗ್ರಾಫ್ ಹಾಳೆಯೂ ಮೇಜಿನ ಮೇಲಿದೆ. ಲೆಕ್ಕಗಳನ್ನು ನಾಳೆ ಮಾಡಬೇಕು.